ಡಾಕ್ಟರು ಸಿಗುವ ಮೊದಲು



ಇವತ್ತು ನನ್ನ ಮುಂದಿನ ಮೇಜಿನ ಮೇಲೆ ಐದಾರು ಸಾಮಾನುಗಳನ್ನು ಇಟ್ಟುಕೊಂಡು ಕುಳಿತಿದ್ದೇನೆ. ಒಂದು ಹಳೆಯ ಪಂಚೆ. ಮುಚ್ಚಳ ಬಿಗಿದ, ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು. ಒಂದು ತಲೆದಿಂಬು. ಒಂದು ಅಡಿಯ ಮರದ ಸ್ಕೇಲು. ಬಟ್ಟೆ ಸೋಪಿನ ಒಂದು ತುಂಡು. ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿ ಬಟ್ಟೆ. ಇವನ್ನೆಲ್ಲ ನೋಡಿ ಇಲ್ಲಿಯ ಕ್ಯಾಮೆರಾ ಮಿತ್ರರೊಬ್ಬರು, "ಡಾಕ್ಟ್ರೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿ?" ಎಂದು ಕೇಳಿದರು. ಇದೇ ಎಂದೆ. ಬಿಳಿಯ ಪೆಟ್ಟಿಗೆಯೊಂದು ನಿಮ್ಮ ಶಾಲೆಯ ಆಫೀಸ್ ಕೋಣೆಯ ಬೀರುವಿನಲ್ಲಿ ಇರಬಹುದು. ಬೀರುವಿಗೆ ಬೀಗ ಹಾಕಿರುತ್ತದೆ, ಬೀಗದ ಕೈ ರಜೆಯ ಮೇಲೆ ಹೋದವರ ಜೇಬಿನಲ್ಲಿರುತ್ತದೆ. ಅಪಘಾತ ಮಾತ್ರ ಕಾಲುವೆಯ ದಡದಲ್ಲೋ, ಹೊಲದ ಬದುವಿನಲ್ಲೋ, ಅಡುಗೆಮನೆಯಲ್ಲೋ ನಡೆಯುತ್ತದೆ. ಅಲ್ಲಿ ಕೈಗೆ ಸಿಗುವುದು ಇಂಥ ಸಾಮಾನುಗಳೇ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು ನಾನು. ಅದರಲ್ಲಿ ಕೆಲವು ವರ್ಷ ಕಾಲುವೆ ನೀರಾವರಿಯ ಒಂದು ಊರಿನಲ್ಲಿದ್ದೆ. ಅಲ್ಲಿಯ ಒಂದು ಮಧ್ಯಾಹ್ನದ ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ದಿನ ಮೂವರು ಹುಡುಗರು ಕಾಲುವೆಗೆ ಈಜಲು ಹೋದರು. ಒಬ್ಬನಿಗೆ ಈಜು ಅಷ್ಟಾಗಿ ಬರುತ್ತಿರಲಿಲ್ಲ. ಮೆಟ್ಟಿಲಿನ ಪಾಚಿಯ ಮೇಲೆ ಅವನ ಕಾಲು ಜಾರಿತು. ಇನ್ನೊಬ್ಬ ಹಿಂದೆ ಮುಂದೆ ನೋಡದೆ ಹಾರಿ ಅವನನ್ನು ಹಿಡಿದುಕೊಂಡ. ಮುಳುಗುತ್ತಿದ್ದವನು ಇವನ ಕುತ್ತಿಗೆಯನ್ನು ಅಪ್ಪಿಕೊಂಡ. ಮೂರನೆಯವನು ಊರಿನ ಕಡೆ ಓಡಿದ. ಜನ ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಸಂಜೆ ನಮ್ಮ ಆಸ್ಪತ್ರೆಗೆ ಇಬ್ಬರನ್ನೂ ಎತ್ತಿನ ಗಾಡಿಯಲ್ಲಿ ತಂದರು. ನಾನು ಮಾಡುವುದು ಏನೂ ಉಳಿದಿರಲಿಲ್ಲ.

ಆ ಮೂರನೆಯ ಹುಡುಗ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದ. ಮೂವರ ಪ್ಯಾಂಟುಗಳೂ ಅವನ ಕೈಯಲ್ಲಿದ್ದವು. ನನ್ನನ್ನು ನೋಡಿ ಕೇಳಿದ: "ಸಾರ್, ನಾನೂ ಹಾರಬೇಕಿತ್ತಾ?"

ಬೇಡವಾಗಿತ್ತು ಕಣಪ್ಪ, ನೀನು ಹಾರದೆ ಇದ್ದದ್ದೇ ಸರಿ ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಸಮಯ ಅದಾಗಿರಲಿಲ್ಲ. ಹೇಳದೆ ಬಿಟ್ಟ ಮಾತನ್ನು ಇವತ್ತು ನಿಮಗೆ ಹೇಳುತ್ತೇನೆ. ಅವನ ಕೈಯಲ್ಲಿದ್ದ ಮೂರು ಪ್ಯಾಂಟುಗಳನ್ನು ಕಾಲಿಗೆ ಕಾಲು ಸೇರಿಸಿ ಗಂಟು ಹಾಕಿದ್ದರೆ ಹತ್ತು ಹನ್ನೆರಡು ಅಡಿ ಉದ್ದದ ಹಗ್ಗವಾಗುತ್ತಿತ್ತು. ಬದುಕಿಸುತ್ತಿತ್ತು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಹತ್ತು ವರ್ಷದ ಶಾಲೆಯಲ್ಲಿ ಆರ್ಕಿಮಿಡೀಸನ ತತ್ತ್ವ ಕಲಿಸಿದ್ದರು, ಕಾಲುವೆಯ ದಡದಲ್ಲಿ ಅದರ ಉಪಯೋಗ ಏನೆಂದು ಹೇಳಿರಲಿಲ್ಲ.

ನಮ್ಮ ದೇಶದಲ್ಲಿ ಪ್ರತಿವರ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಕೆರೆ, ಕಾಲುವೆ, ಕಲ್ಲು ತೆಗೆದು ಬಿಟ್ಟ ಗುಂಡಿ, ಈಗ ಹೊಸದಾಗಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡ. ಆ ಹಾಳೆಯ ಮೇಲೆ ಕಾಲೂರಿ ಹತ್ತಲು ಈಜು ಬಲ್ಲವರಿಗೂ ಆಗುವುದಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುತ್ತಾರೆ ಎಂದುಕೊಳ್ಳಬೇಡಿ. ಉಸಿರಾಡುವುದಕ್ಕೇ ಬಾಯಿ ಸಾಲದಿರುವಾಗ ಕೂಗುವುದು ಹೇಗೆ? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಾ, ಸದ್ದಿಲ್ಲದೆ ಮುಳುಗುತ್ತಾರೆ. ಜೊತೆಯಲ್ಲಿದ್ದವನ ಮಾತು ನಿಂತಿತೆಂದರೆ ತಿರುಗಿ ನೋಡಿ.

ಆಗ ನೀವು ನೀರಿಗೆ ಇಳಿಯಬೇಡಿ. ಮುಳುಗುವವರ ಹಿಡಿತ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ದಡದ ಮೇಲೆ ಮಕಾಡೆ ಮಲಗಿ, ನಿಮ್ಮನ್ನು ಯಾರಾದರೂ ಕಾಲಿನಿಂದ ಹಿಡಿದುಕೊಳ್ಳಲಿ. ನಂತರ ಕೋಲನ್ನೋ ಬಟ್ಟೆಯನ್ನೋ ಚಾಚಿ. ಈ ಪಂಚೆ ಎಂಟು ಮೊಳ, ಅಂದರೆ ಹನ್ನೆರಡು ಅಡಿ. ಸೀರೆಯಾದರೆ ಹದಿನೆಂಟು ಅಡಿ ಬರುತ್ತದೆ. ಇನ್ನು ಈ ಎಣ್ಣೆ ಕ್ಯಾನು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ನೀರಿನ ಮೇಲೆ ಸುಮಾರು ಐದು ಕಿಲೋ ತೂಕವನ್ನು ಹೊರುತ್ತದೆ. ಐದು ಕಿಲೋ ಎಷ್ಟರದು ಎನ್ನುತ್ತೀರಾ? ನೀರಿನೊಳಗಿನ ದೇಹವನ್ನು ಬಹುಮಟ್ಟಿಗೆ ನೀರೇ ಹೊರುತ್ತದೆ. ನಾವು ಮೇಲಕ್ಕೆ ಹಿಡಿಯಬೇಕಾದದ್ದು ತಲೆಯೊಂದನ್ನೇ. ಎದೆಗೆ ಅವಚಿಕೊಂಡರೆ ಇದೊಂದು ಕ್ಯಾನು ಅದಕ್ಕೆ ಸಾಕಾಗುತ್ತದೆ. ಕ್ಯಾನಿನ ಹಿಡಿಗೆ ಹಗ್ಗ ಕಟ್ಟಿ ಮುಳುಗುವವನ ಆಚೆಗೆ ಬೀಳುವಂತೆ ಎಸೆದು, ನಿಧಾನವಾಗಿ ಅವನ ಕಡೆಗೆ ಎಳೆಯಬೇಕು. ನಿಮ್ಮ ಊರಿನ ಕೆರೆಯ ಏರಿಯ ಮೇಲಿನ ಮರಕ್ಕೆ ಇಂಥದೊಂದು ಕ್ಯಾನನ್ನೂ ಮೂವತ್ತು ಅಡಿ ಹಗ್ಗವನ್ನೂ ಕಟ್ಟಿಡುವುದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ.

ದಡಕ್ಕೆ ತಂದದ್ದಾಯಿತು. ಈಗ ನಮ್ಮ ಜನ ಸಾಮಾನ್ಯವಾಗಿ ಮಾಡುವುದು ಏನು? ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗು ಮಾಡುವುದು. ಮುಳುಗಿದವನನ್ನು ಕೊಲ್ಲುತ್ತಿರುವುದು ಹೊಟ್ಟೆಯೊಳಗಿನ ನೀರಲ್ಲ, ಗಾಳಿ ಸಿಗದೆ ಇರುವುದು. ಹೊಟ್ಟೆ ಒತ್ತಿದರೆ ಒಳಗಿನದು ವಾಂತಿಯಾಗಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೇ ಮಿದುಳು ಕೆಡಲು ಆರಂಭವಾಗುತ್ತದೆ. ಆದ್ದರಿಂದ ಭುಜ ತಟ್ಟಿ ಜೋರಾಗಿ ಕೂಗಿ ನೋಡಿ. ಎದೆ ಏರಿ ಇಳಿಯುತ್ತಿದೆಯೇ ಎಂದು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಾಯದೆ ಗಮನಿಸಿ. ನೀರಿನಿಂದ ತೆಗೆದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುವುದನ್ನು ಉಸಿರೆಂದು ತಿಳಿಯಬೇಡಿ. ಸರಿಯಾದ ಉಸಿರಿಲ್ಲದಿದ್ದರೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಕೆಲಸಕ್ಕೆ ಕೈ ಹಾಕಲಿ.

ಕೆಲಸ ಎಂದರೆ ಇದು. ದಿಂಬನ್ನು ಹೀಗೆ ಗಟ್ಟಿ ನೆಲದ ಮೇಲೆ ಇಟ್ಟುಕೊಂಡಿದ್ದೇನೆ. ಎದೆಯ ನಡುವಿನ ಮೂಳೆಯ ಕೆಳಭಾಗದ ಮೇಲೆ ಒಂದು ಅಂಗೈಯ ಹಿಮ್ಮಡಿ, ಅದರ ಮೇಲೆ ಇನ್ನೊಂದು ಕೈ. ಅಂಗೈಯ ಹಿಮ್ಮಡಿ ಎಂದರೆ ಮಣಿಕಟ್ಟಿನ ಹತ್ತಿರದ ಗಟ್ಟಿ ಭಾಗ. ಮೊಣಕೈ ಮಡಿಸದೆ, ತೋಳಿನ ಬಲದಿಂದಲ್ಲ, ಮೈಭಾರದಿಂದ ಒತ್ತಬೇಕು. ಎಷ್ಟು ಆಳ? ಈ ಸ್ಕೇಲಿನಲ್ಲಿ ಐದು ಸೆಂಟಿಮೀಟರ್ ನೋಡಿ. ಆರು ಮೀರಬಾರದು. ಮಕ್ಕಳಾದರೆ ಎದೆಯ ದಪ್ಪದ ಮೂರನೆಯ ಒಂದು ಭಾಗ. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಹೆಚ್ಚು ಕಡಿಮೆ ಎರಡು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷದಲ್ಲಿ ನಿಮಗೆ ಬೆವರು ಕಿತ್ತು ಬರುತ್ತದೆ. ಆಗ ಇನ್ನೊಬ್ಬರು ವಹಿಸಿಕೊಳ್ಳಲಿ. ಪಕ್ಕೆಲುಬು ಲಟಕ್ಕೆನ್ನಬಹುದು. ನಿಲ್ಲಿಸಬೇಡಿ, ಮುರಿದ ಎಲುಬು ಆಮೇಲೆ ಕೂಡಿಕೊಳ್ಳುತ್ತದೆ.

ಹೃದಯಾಘಾತವಾಗಿ ಎದುರಿಗೇ ಕುಸಿದ ದೊಡ್ಡವರಿಗೆ, ತರಬೇತಿ ಇಲ್ಲದವರು ಎದೆ ಒತ್ತುವುದಷ್ಟನ್ನೇ ಮಾಡಿದರೂ ನಡೆಯುತ್ತದೆ. ನೀರಿನಲ್ಲಿ ಮುಳುಗಿದವರ ವಿಷಯ ಬೇರೆ. ಅವರಿಗೆ ಗಾಳಿಯೇ ಕಡಿಮೆಯಾಗಿರುವುದು. ಹಣೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಎರಡು ಸಲ ಉಸಿರು ಕೊಡಬೇಕು. ಎದೆ ಉಬ್ಬುವುದು ಕಾಣಬೇಕು. ಆಮೇಲೆ ಮೂವತ್ತು ಒತ್ತು, ಎರಡು ಉಸಿರು, ಮತ್ತೆ ಮೂವತ್ತು. ಉಸಿರು ಮರಳಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಎದ್ದು ಕುಳಿತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರ ತಲೆಯೆತ್ತಬಹುದು.

ಈ ಎದೆಯೊತ್ತುವ ಕ್ರಮ ಬಂದದ್ದು ಹೇಗೆಂಬುದು ನಿಮ್ಮಲ್ಲಿ ವಿಜ್ಞಾನ ಓದುವವರಿಗೆ ಹಿಡಿಸಬಹುದು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್ ಎಂಬವರಿದ್ದರು. ಅವರು ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರು. ವಿದ್ಯುತ್ ಆಘಾತದಿಂದ ನಿಂತ ಹೃದಯವನ್ನು ವಿದ್ಯುತ್ತಿನಿಂದಲೇ ಮತ್ತೆ ನಡೆಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಯಂತ್ರದ ಭಾರವಾದ ಹಿಡಿಗಳನ್ನು ನಾಯಿಯ ಎದೆಯ ಮೇಲೆ ಒತ್ತಿದಾಗಲೇ ರಕ್ತದ ಒತ್ತಡ ತುಸು ಏರುವುದನ್ನು ಅವರ ಜೊತೆಯಲ್ಲಿದ್ದ ಯುವಕ ನಿಕರ್‌ಬಾಕರ್ ಗಮನಿಸಿದ. ಹಾಗಾದರೆ ಒತ್ತಿದರೆ ಸಾಕಲ್ಲ ಎಂಬ ಯೋಚನೆ ಹುಟ್ಟಿತು. ಶಸ್ತ್ರವೈದ್ಯ ಜೂಡ್ ಅವರೂ ಸೇರಿ ಮೂವರು 1960ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಹೃದಯ ನಿಂತರೆ ಎದೆ ಸೀಳಿ ಕೈಯಿಂದ ಹಿಂಡುತ್ತಿದ್ದರು. ಅದು ಆಪರೇಷನ್ ಕೋಣೆಯಲ್ಲಿ ಆಗುವ ಮಾತು. ಇದು ಬಸ್ ಸ್ಟ್ಯಾಂಡಿನಲ್ಲೂ ಆಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮಾಡುವ ಕೆಲಸ. ಆದರೆ ನನ್ನ ಅನುಭವದಲ್ಲಿ ಪ್ರಥಮ ಚಿಕಿತ್ಸೆಯ ಅರ್ಧ ಭಾಗ ಮಾಡಬಾರದ್ದನ್ನು ತಡೆಯುವುದು. ನಿಮ್ಮ ವಯಸ್ಸಿನವರಿಗೆ ಕಷ್ಟ ಬರುವುದೂ ಅಲ್ಲಿಯೇ. ಮಾಡಬಾರದ್ದನ್ನು ಮಾಡುತ್ತಿರುವವರು ಪರಕೀಯರಲ್ಲ. ಅಪ್ಪ, ದೊಡ್ಡಪ್ಪ, ಅಜ್ಜಿ, ಪಕ್ಕದ ಮನೆಯ ಹಿರಿಯರು. ಅವರ ಪ್ರೀತಿಯಲ್ಲಿ ಕೊರತೆ ಇಲ್ಲ. ಹದಿನಾರು ವರ್ಷದವರು ಅವರ ಕೈ ಹಿಡಿದು ಬೇಡ ಎನ್ನುವುದು ಹೇಗೆ?

ಇದಕ್ಕೆ ನಾನು ಕಂಡ ಅತ್ಯುತ್ತಮ ಉತ್ತರವನ್ನು ಪಿ.ಯು.ಸಿ. ಓದುತ್ತಿದ್ದ ಒಬ್ಬ ಹುಡುಗಿ ಕೊಟ್ಟಳು. ಅವಳ ತಾತ ಸಂಜೆ ಹೊತ್ತು ಹುಲ್ಲು ಕೊಯ್ಯುತ್ತಿದ್ದಾಗ ಪಾದಕ್ಕೆ ಹಾವು ಕಚ್ಚಿತು. ಕೊಳಕುಮಂಡಲ. ದೊಡ್ಡಪ್ಪ ಹಗ್ಗ ತಂದು ಮಂಡಿಯ ಕೆಳಗೆ ಬಿಗಿಯಲು ಹೊರಟರು; ಆಮೇಲೆ ನಾಲ್ಕು ಮೈಲಿ ಆಚೆ ಮಂತ್ರ ಹಾಕುವವರ ಹತ್ತಿರ ಕರೆದೊಯ್ಯುವ ಆಲೋಚನೆ. ಆ ಹುಡುಗಿ ವಾದಕ್ಕೆ ನಿಲ್ಲಲಿಲ್ಲ. "ದೊಡ್ಡಪ್ಪ, ಮಂತ್ರ ಬೇಡ ಅನ್ನಲ್ಲ. ಅವರನ್ನ ನೀವು ಸೀದಾ ಆಸ್ಪತ್ರೆಗೇ ಕರ್ಕೊಂಡು ಬನ್ನಿ, ಅಲ್ಲೇ ಹಾಕ್ಲಿ. ನಾವು ತಾತನ್ನ ಅಲ್ಲಿಗೆ ತರ್ತೀವಿ" ಎಂದಳು. ದೊಡ್ಡಪ್ಪನಿಗೆ ಒಂದು ಕೆಲಸ ಸಿಕ್ಕಿತು, ಮರ್ಯಾದೆಯೂ ಉಳಿಯಿತು. ಅವರು ಹೊರಟ ಮೇಲೆ ಅವಳು ತಾತನ ಕಾಲಿಗೆ ಎರಡು ಬಿದಿರು ದಬ್ಬೆ ಇಟ್ಟು ಟವೆಲಿನಿಂದ ಸಡಿಲವಾಗಿ ಕಟ್ಟಿದಳು. ಅಣ್ಣನ ಬೈಕಿನಲ್ಲಿ ತಾತನನ್ನು ನಡುವೆ ಕೂರಿಸಿ, ಹಿಂದೆ ತಾನು ಹಿಡಿದುಕೊಂಡು ಕುಳಿತಳು. ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದರು. ಮಂತ್ರ ಹಾಕುವವರೂ ಆಮೇಲೆ ಬಂದರು. ಹಾಸಿಗೆಯ ಪಕ್ಕ ನಿಂತು ಹಾಕಿದರು. ನಾನು ಆಕ್ಷೇಪಿಸಲಿಲ್ಲ, ಪ್ರತಿವಿಷ ಆಗಲೇ ರಕ್ತನಾಳದಲ್ಲಿ ಇಳಿಯುತ್ತಿತ್ತು. ತಾತ ಆರು ದಿನದ ಮೇಲೆ ಮನೆಗೆ ಹೋದರು.

ಹಗ್ಗ ಬಿಗಿಯುವುದು ಏಕೆ ಬೇಡ ಎನ್ನುವುದನ್ನು ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಹಿರಿಯರಿಗೆ ವಿವರಿಸಲಾರಿರಿ. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು, ವಿಷವೂ ಅಲ್ಲೇ ನಿಂತು, ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಕಟ್ಟನ್ನು ದಿಢೀರನೆ ಬಿಚ್ಚಿದರೆ ಒಟ್ಟಿಗೆ ನುಗ್ಗುತ್ತದೆ. ಆದ್ದರಿಂದ ನೀವು ಹೋಗುವ ಹೊತ್ತಿಗೆ ಯಾರೋ ಗಟ್ಟಿಯಾಗಿ ಕಟ್ಟಿಬಿಟ್ಟಿದ್ದರೆ, ಬಿಚ್ಚುವ ಕೆಲಸವನ್ನು ಆಸ್ಪತ್ರೆಗೆ ಬಿಡಿ. ಬ್ಲೇಡಿನಿಂದ ಗೀರುವುದು, ಬಾಯಿಂದ ಹೀರುವುದು, ಐಸ್ ಇಡುವುದು ಇವುಗಳಿಂದ ವಿಷ ಹೊರಗೆ ಬರುವುದಿಲ್ಲ. ವಿಷ ಮೈಗೆ ಹರಡಲು ಸಹಾಯ ಮಾಡುವುದು ಮಾಂಸಖಂಡಗಳ ಚಲನೆ. ಅದಕ್ಕೇ ದಬ್ಬೆ, ಅದಕ್ಕೇ ನಡೆಯಬಾರದು, ಓಡಬಾರದು ಎನ್ನುವುದು. ಕಾಲುಂಗುರ, ಕಾಲ್ಗೆಜ್ಜೆ, ಬಳೆ, ಗಡಿಯಾರ ಇವನ್ನು ಊತ ಬರುವ ಮೊದಲೇ ತೆಗೆಯಿರಿ. ಹಾವನ್ನು ಹಿಡಿದು ತರುವ ಸಾಹಸ ಬೇಡ. ಸತ್ತ ಹಾವಿನ ತಲೆಯೂ ಕಚ್ಚಬಲ್ಲದು. ರೋಗಿಯ ಲಕ್ಷಣ ನೋಡಿ, ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ಪರೀಕ್ಷಿಸಿ ನಾವು ತೀರ್ಮಾನಕ್ಕೆ ಬರುತ್ತೇವೆ. ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ.

ಮಂತ್ರದಿಂದ ಬದುಕಿದವರನ್ನು ನಾವೇ ಕಂಡಿದ್ದೇವಲ್ಲ ಎನ್ನುತ್ತಾರೆ. ಕಂಡಿರುವುದು ನಿಜ. ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ. ವಿಷದ ಹಾವು ಕಚ್ಚಿದರೂ ಕೆಲವೊಮ್ಮೆ ವಿಷ ಬಿಡದೆ ಇರುತ್ತದೆ. ಅವರೆಲ್ಲ ಮಂತ್ರದ ಲೆಕ್ಕಕ್ಕೆ ಸೇರುತ್ತಾರೆ. ಸತ್ತವರು ವಿಧಿಯ ಲೆಕ್ಕಕ್ಕೆ. ಲೆಕ್ಕ ಸರಿಯಾಗಿ ಇಟ್ಟಾಗ ಬೇರೆಯೇ ಚಿತ್ರ ಬಂತು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಬಹಳ ಮಂದಿ ಆಸ್ಪತ್ರೆಯ ಮುಖವನ್ನೇ ಕಾಣದವರು. ನಮ್ಮ ರಾಜ್ಯದಲ್ಲಿ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕೆಂಬ ಆದೇಶ ಬಂದಿತು.

ಕಟ್ಟುಹಾವಿನ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಇದು ರಾತ್ರಿಯ ಹಾವು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ನೋವು ಎಂದು ಏಳುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ. ನಿದ್ದೆಗಣ್ಣು ಎಂದು ಮನೆಯವರು ಮತ್ತೆ ಮಲಗಿಸಿಬಿಡುತ್ತಾರೆ. ನೆಲದ ಮೇಲೆ ಮಲಗಿದ್ದ ತಂಗಿಯೋ ತಮ್ಮನೋ ಹೀಗೆ ಎದ್ದರೆ, ಹಾವನ್ನು ಯಾರೂ ನೋಡದಿದ್ದರೂ ಆಸ್ಪತ್ರೆಗೆ ಹೊರಡಿಸಿ. ಮಂಚವಿಲ್ಲದಿದ್ದರೆ, ಸೊಳ್ಳೆ ಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗುವುದು ಅಗ್ಗದ, ಒಳ್ಳೆಯ ರಕ್ಷಣೆ.

ಇನ್ನು ಅಡುಗೆಮನೆಯ ಔಷಧಾಲಯ. ಗಾಯಕ್ಕೆ ಕಾಫಿಪುಡಿ, ಅರಿಸಿನ, ಸುಣ್ಣ. ಸುಟ್ಟಿದ್ದಕ್ಕೆ ಪೇಸ್ಟು, ಶಾಯಿ, ಬೆಣ್ಣೆ. ಅರಿಸಿನದ ಮೇಲೆ ನನಗೂ ಗೌರವ ಇದೆ, ಸಾರಿನಲ್ಲಿ. ರಕ್ತ ಸುರಿಯುತ್ತಿರುವ ಗಾಯಕ್ಕೆ ಬೇಕಾದದ್ದು ಪುಡಿಯಲ್ಲ, ಒತ್ತಡ. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್ ರಕ್ತ. ಈ ಶುಭ್ರವಾದ ಬಟ್ಟೆಯನ್ನು ಮಡಿಸಿ, ಗಾಯದ ಮೇಲೆ ಇಟ್ಟು, ಅಂಗೈಯಿಂದ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ನಿಂತಿತೇ ಎಂದು ನಡುವೆ ಎತ್ತಿ ನೋಡುವುದೇ ಎಲ್ಲರೂ ಮಾಡುವ ತಪ್ಪು. ಆಗತಾನೇ ಕಟ್ಟಿದ ಹೆಪ್ಪು ಕಿತ್ತುಹೋಗುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಇನ್ನೂ ಬಲವಾಗಿ ಒತ್ತಿ. ಗಾಜೋ ಕಬ್ಬಿಣವೋ ಚುಚ್ಚಿಕೊಂಡು ನಿಂತಿದ್ದರೆ ಕೀಳಬೇಡಿ, ಅದರ ಸುತ್ತ ಒತ್ತಿ. ಮೂಗಿನಿಂದ ರಕ್ತ ಬಂದವರನ್ನು ತಲೆ ಹಿಂದಕ್ಕೆ ವಾಲಿಸಿ ಕೂರಿಸುತ್ತೇವಲ್ಲ, ಅದು ತಿರುಗುಮುರುಗು. ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಹಿಂಡಿ ಹಿಡಿದು, ಬಾಯಿಂದ ಉಸಿರಾಡಬೇಕು.

ಸುಟ್ಟಗಾಯಕ್ಕೆ ನಲ್ಲಿಯ ನೀರು, ಇಪ್ಪತ್ತು ನಿಮಿಷ. ಎರಡು ನಿಮಿಷಕ್ಕೆ ಉರಿ ಇಳಿದು ಕೈ ತೆಗೆದುಬಿಡುತ್ತಾರೆ. ಚರ್ಮದ ಮೇಲ್ಪದರ ತಣ್ಣಗಾದರೂ ಒಳಗಿನ ಬಿಸಿ ಸುಡುತ್ತಲೇ ಇರುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಿರಿ. ಐಸ್ ಬೇಡ. ಬಳೆ ಉಂಗುರ ತೆಗೆಯಿರಿ, ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ, ಗುಳ್ಳೆ ಒಡೆಯಬೇಡಿ. ಬಟ್ಟೆಗೇ ಬೆಂಕಿ ಹತ್ತಿದವರು ಓಡುತ್ತಾರೆ, ಓಡಿದಷ್ಟೂ ಗಾಳಿಗೆ ಬೆಂಕಿ ಹೆಚ್ಚುತ್ತದೆ. ಅವರನ್ನು ನೆಲಕ್ಕೆ ಕೆಡವಿ ದಪ್ಪ ಕಂಬಳಿ ಹೊದಿಸಿ ಹೊರಳಿಸಿ. ನೈಲಾನಿನ ಹೊದಿಕೆ ಕರಗಿ ಮೈಗೆ ಅಂಟುತ್ತದೆ, ಅದು ಬೇಡ.

ತರಗತಿಯಲ್ಲಿ ಯಾರಿಗಾದರೂ ಮೂರ್ಛೆ ರೋಗದ ಸೆಳೆತ ಬಂದರೆ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು ಇನ್ನೂ ನಿಂತಿಲ್ಲ. ಸೆಳೆತ ತಾನಾಗಿ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ, ಕೀರ್ತಿ ಮಾತ್ರ ಚಪ್ಪಲಿಗೆ ಸಲ್ಲುತ್ತದೆ. ಬೆಂಚು ಮೇಜು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಹೊತ್ತು ನೋಡಿಕೊಳ್ಳಿ. ಹಲ್ಲಿನ ನಡುವೆ ಚಮಚ ತುರುಕಬೇಡಿ. ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಮತ್ತು, ಆ ಗೆಳತಿಯೋ ಗೆಳೆಯನೋ ಎಚ್ಚರಗೊಂಡಾಗ ಐವತ್ತು ಮುಖಗಳು ಬಗ್ಗಿ ನೋಡುತ್ತಿರಬಾರದು. ಅವರನ್ನೆಲ್ಲ ಹೊರಗೆ ಕಳಿಸುವುದೂ ಚಿಕಿತ್ಸೆಯೇ.

ಮೇಜಿನ ಮೇಲೆ ಸೋಪು ಉಳಿಯಿತು. ನಾಯಿ ಕಚ್ಚಿದರೆ ಇದೇ ಮೊದಲ ಔಷಧ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ರೇಬಿಸ್ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪಿಗೆ ಕರಗುತ್ತದೆ. ಮೆಣಸಿನಪುಡಿ, ಸುಣ್ಣ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆಯಿಂದ ಮಕ್ಕಳು ಕಚ್ಚಿದ್ದನ್ನೇ ಮನೆಯಲ್ಲಿ ಮುಚ್ಚಿಡುತ್ತಾರೆ. ಆ ಹಳೆಯ ಲಸಿಕೆ ಹೋಗಿ ಬಹಳ ವರ್ಷವಾಯಿತು. ಈಗ ತೋಳಿಗೆ ಕೊಡುತ್ತಾರೆ, ನಾಲ್ಕೋ ಐದೋ ದಿನ ಹೋಗಬೇಕಾಗುತ್ತದೆ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಚುಚ್ಚಬೇಕು, ಅದನ್ನು ಕೇಳಿ ಪಡೆಯಿರಿ.

ರಸ್ತೆ ಅಪಘಾತದ ಬಗ್ಗೆ ಕಾಲೇಜು ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸಾರ್, ಮುಟ್ಟಿದರೆ ಪೊಲೀಸ್ ಕೇಸ್ ಆಗುತ್ತಲ್ಲ?" ಆಗುವುದಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಸಂಬಂಧದ ಮಾರ್ಗಸೂಚಿಗಳನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು ಕಾನೂನಿಗೇ ಸೇರಿಸಿತು. ನಮ್ಮ ರಾಜ್ಯವೂ ಇದಕ್ಕಾಗಿ ತನ್ನದೇ ಕಾಯ್ದೆಯನ್ನು ಮಾಡಿಕೊಂಡಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ. ಸಾಕ್ಷಿಯಾಗಬೇಕೆಂದು ಬಲವಂತ ಮಾಡುವ ಹಾಗಿಲ್ಲ. ಚಿಕಿತ್ಸೆಯ ಹಣವನ್ನು ಅವರಿಂದ ಕೇಳುವ ಹಾಗಿಲ್ಲ. ಇಷ್ಟು ಗೊತ್ತಿದ್ದರೆ ಗುಂಪಿನಲ್ಲಿ ನಿಂತವರಿಗೂ ನೀವೇ ಹೇಳಬಹುದು. ಆದರೆ ರಸ್ತೆಯಲ್ಲಿ ಬಿದ್ದವರ ಕತ್ತು ಬೆನ್ನಿಗೆ ಪೆಟ್ಟಾಗಿರುವ ಸಂಭವ ಇದೆ. ಬೆಂಕಿಯೋ ಬರುವ ವಾಹನವೋ ಇಲ್ಲದಿದ್ದರೆ ಎತ್ತಿ ಆಟೋದಲ್ಲಿ ಮಡಚಿ ಕೂರಿಸಬೇಡಿ. ಬಾಯಿಗೆ ನೀರು ಸುರಿಯಬೇಡಿ. ವಿದ್ಯುತ್ ತಂತಿ ಹಿಡಿದವರನ್ನಾದರೆ, ಮೇನ್ ಸ್ವಿಚ್ ತೆಗೆಯುವವರೆಗೆ ಮುಟ್ಟಲೇಬೇಡಿ. ಕಂಬದ ತಂತಿ ಕಡಿದು ಬಿದ್ದಿದ್ದರೆ ದೂರದಲ್ಲೇ ಜನರನ್ನು ತಡೆದು 1912ಕ್ಕೆ ಕರೆ ಮಾಡಿ.

ಕೊನೆಯದಾಗಿ 108. ಇದು 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾಯಿತು. 112ಕ್ಕೆ ಮಾಡಿದರೂ ನಡೆಯುತ್ತದೆ. ಫೋನಿನಲ್ಲಿ ಅಳುತ್ತಾ "ಬೇಗ ಬನ್ನಿ" ಎಂದು ಇಟ್ಟುಬಿಡುತ್ತಾರೆ. ಎಲ್ಲಿಗೆ ಬರಬೇಕು? ನಮ್ಮ ರಾಜ್ಯದಲ್ಲಿ ಒಂದೇ ಹೆಸರಿನ ಊರುಗಳು ಎಷ್ಟಿಲ್ಲ! ಜಿಲ್ಲೆ, ತಾಲ್ಲೂಕು, ಊರು, ಹತ್ತಿರದ ಗುರುತು, ಏನಾಗಿದೆ, ಎಷ್ಟು ಮಂದಿಗೆ. ಅವರು ಇಡುವವರೆಗೆ ನೀವು ಫೋನ್ ಇಡಬೇಡಿ. ಒಬ್ಬ ಹುಡುಗನನ್ನು ಮುಖ್ಯ ರಸ್ತೆಯ ತಿರುವಿಗೆ ಕಳಿಸಿ ನಿಲ್ಲಿಸಿ.

ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಮನೆಯ ದಿಂಬನ್ನು ನೆಲದ ಮೇಲೆ ಇಟ್ಟು, ಗಡಿಯಾರ ಎದುರಿಗಿಟ್ಟುಕೊಂಡು, ಎರಡು ನಿಮಿಷ ಒತ್ತಿ ನೋಡಿ. ಬಹುಮಂದಿ ಮೊದಲ ಸಲ ಒಂದು ನಿಮಿಷಕ್ಕೇ ಕೈ ಬಿಡುತ್ತೀರಿ. ಅಜ್ಜಿ ಏನೋ ಇದು ಎಂದು ಕೇಳುತ್ತಾರೆ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಲು ಹೇಳಿ.